ಹಗೇವಿಗಿಳಿದ ಹಳದಿ ಕಪ್ಪೆಗಳು

ಚಿನಕುರಳಿಯ ಬೀದಿಯಲ್ಲಿ ದೇವರಾಜಾಚಾರಿ ಎದುರಾದರೆ ಜನ ಮೊದಲು ಕೇಳುವುದು ಊಟ ಆಯ್ತಾ ಅಂತಲ್ಲ, "ಕಪ್ಪೆ ಎಂಗವೆ ಆಚಾರ್ರೆ?" ಅಂತ. ಕೆಲವರು ತಮಾಷೆಗೆ ಕೇಳುತ್ತಾರೆ, ಕೆಲವರು ಭಯಕ್ಕೆ ಕೇಳುತ್ತಾರೆ. ದೇವರಾಜು ಮಾತ್ರ ಎಲ್ಲರಿಗೂ ಒಂದೇ ಥರ, ಬೈಕು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಆಸ್ಪತ್ರೆಯಲ್ಲಿರುವ ಬಾಣಂತಿಯ ಸುದ್ದಿ ಹೇಳುವವನ ಹಾಗೆ ಹೇಳುತ್ತಾನೆ: "ಪರ್ವಾಗಿಲ್ಲ ಕಣಣ್ಣ. ನೆನ್ನೆ ಹೆಣ್ಣು ಸರಿಯಾಗಿ ತಿನ್ನನಿಲ್ಲ. ಇವತ್ತು ತಿಂದದೆ. ನಾಳೆ ನೋಡ್ಬೇಕು."

ನಾಳೆ ನೋಡಬೇಕು ಅನ್ನುವ ಮಾತು ಅವನ ಬಾಯಿಗೆ ಎಲೆ ಅಡಿಕೆ ಇದ್ದ ಹಾಗೆ. ಮಳೆ ಬಂದರೆ ಸೂರು ಸೋರೀತು ಅನ್ನುವ ಯೋಚನೆ, ಬಾರದಿದ್ದರೆ ಬಾರದ ಯೋಚನೆ. ಮಗಳು ಚೈತ್ರಳನ್ನು ನಾಗಮಂಗಲದ ಕಡೆ ಒಳ್ಳೆಯ ಮನೆಗೇ ಕೊಟ್ಟದ್ದು; ಆದರೂ ಮದುವೆಯ ಪಂಕ್ತಿಯಲ್ಲಿ ಎಲ್ಲರೂ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದಾಗ ಇವನು ಶಾಮಿಯಾನದ ಗೂಟ ಅಲ್ಲಾಡಿಸಿ ನೋಡುತ್ತಿದ್ದ. "ನಮ್ಮನೇವ್ರಿಗೆ ಚಿಂತೆ ಇಲ್ದಿದ್ರೆ ಅದೇ ಒಂದು ಚಿಂತೆ ಆಯ್ತದೆ" ಎಂದು ಹೆಂಡತಿ ಸೋಮಮ್ಮ ಬಂದವರೆದುರು ಹೇಳುವುದುಂಟು.

ಹುಟ್ಟಿದ್ದು ಕಮ್ಮಾರರ ಮನೆಯಲ್ಲಿ. ಅಪ್ಪ ಕಾಳಾಚಾರಿಯ ಕುಲುಮೆಯ ಮುಂದೆ ಕ್ವಾರಿ ಕೆಲಸದವರ ಉಳಿಗಳು, ರೈತರ ನೇಗಿಲ ಗುಳ, ಕುಡುಗೋಲುಗಳು ಸಾಲಾಗಿ ಬಿದ್ದಿರುತ್ತಿದ್ದವು. ತಿದಿ ಆಡಿಸು ಅಂದರೆ ದೇವರಾಜು ಮುಖ ಆ ಕಡೆ ತಿರುಗಿಸಿಕೊಂಡು ಆಡಿಸುತ್ತಿದ್ದ. ಒಂದು ಕಿಡಿ ಹಾರಿದರೆ ಸಾಕು, ಬೀದಿಯಲ್ಲಿರುತ್ತಿದ್ದ. "ಬೆಂಕಿಗೆ ಎದ್ರೋ ಆಚಾರಿನ ಎಲ್ಲಾರ ಕಂಡಿದ್ದೀರ?" ಎಂದು ಅಪ್ಪ ಬಂದವರಿಗೆಲ್ಲ ಅವನನ್ನು ತೋರಿಸಿ ನಗುತ್ತಿದ್ದ. ಕೊನೆಗೆ ಅವನು ಪಾಂಡವಪುರದ ಒಂದು ಗಾಜಿನಂಗಡಿ ಸೇರಿಕೊಂಡ. ಹೆದರುವ ಕೈಗೆ ಗಾಜು ಚೆನ್ನಾಗಿ ಒಗ್ಗಿತು. ಗೀರು ಹಾಕಿ ತಟ್ಟುವ ಮುಂಚೆ ಉಸಿರು ಬಿಗಿಹಿಡಿಯುವವನು ಬೇಕು ಆ ಕೆಲಸಕ್ಕೆ, ಧೈರ್ಯವಂತರು ಒಡೆದುಹಾಕಿಬಿಡುತ್ತಾರೆ. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೇ ಅಂಗಡಿ, ಪಾಂಡವಪುರದಲ್ಲೇ. ಕಿಟಕಿ, ಕನ್ನಡಿ, ಬೇಕರಿಯವರ ಕೌಂಟರು, ಮೀನಿನ ತೊಟ್ಟಿ, ಎಲ್ಲಾ ಮಾಡಿಕೊಡುತ್ತಾನೆ.

ಆ ಅಂಗಡಿಗೇ ಕೃಷ್ಣರಾಜಪೇಟೆಯ ಕಾಲೇಜಿನ ಸಿದ್ದಾರ್ಥ ಮೇಷ್ಟ್ರು ಒಂದು ದಿನ ಬಂದರು. ಮುಂದೆ ಬಾಗಿಲು, ಮೇಲೆ ಸಣ್ಣ ಜಾಲರಿ, ನೀರು ಒಂದು ಮೂಲೆಗೆ ಇಳಿಯುವ ಹಾಗೆ ತಳ ಓರೆ, ಒಂದು ನೊಣವೂ ಆಚೆ ಬರಬಾರದು, ಅಂಥ ಗಾಜಿನ ಪೆಟ್ಟಿಗೆ ಬೇಕೆಂದರು.

"ಮೀನಿಗಾ ಸಾ?"

"ಕಪ್ಪೆಗೆ."

ದೇವರಾಜು ನಗಲಿಲ್ಲ. ನೊಣ ನುಸುಳದ ಸಂದು ಎಷ್ಟಿರಬೇಕು ಅನ್ನುವ ಚಿಂತೆ ಅವನಿಗೆ ಆಗಲೇ ಹತ್ತಿಕೊಂಡಿತ್ತು.

ಪೆಟ್ಟಿಗೆ ಕೂರಿಸಲು ಮೇಷ್ಟ್ರ ಮನೆಗೆ ಹೋದ ದಿನ ಅವುಗಳನ್ನು ಕಂಡ. ಹೆಬ್ಬೆರಳ ತುದಿಗೆಣ್ಣಿನಷ್ಟು ಕಪ್ಪೆಗಳು. ಅರಿಶಿನ ಮೆತ್ತಿ ಅದರ ಮೇಲೆ ಕಾಡಿಗೆಯಲ್ಲಿ ಪಟ್ಟೆ ಎಳೆದ ಹಾಗಿದ್ದವು. ಪಾಚಿಯ ಮೇಲೆ ಹೆಜ್ಜೆ ಊರಿ ಊರಿ ನಡೆಯುತ್ತ, ಒಂದೊಂದು ನೊಣವನ್ನೂ ಕತ್ತು ಓರೆ ಮಾಡಿ ನೋಡಿ ತಿನ್ನುತ್ತಿದ್ದವು. ಅವನು ತುದಿಗಾಲಲ್ಲಿ ಕುಕ್ಕರುಗೂತ. ಕೊಟ್ಟ ಟೀ ಆರಿಹೋಯಿತು. ಆಮೇಲೆ ಬೇಕಾದರೂ ಬೇಡವಾದರೂ ಪೆಟ್ಟಿಗೆಯ ಗೋಂದು ನೋಡುವ ನೆಪದಲ್ಲಿ ಕೆ.ಆರ್. ಪೇಟೆ ಬಸ್ಸು ಹತ್ತತೊಡಗಿದ. ಮೇಷ್ಟ್ರಿಗೆ ದೂರದೂರಿಗೆ ವರ್ಗವಾದಾಗ, ತಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ಒಂದು ಜೋಡಿಯನ್ನು, ಸರ್ಕಾರದ ನೋಂದಣಿಯನ್ನೂ ಇವನ ಹೆಸರಿಗೆ ಮಾಡಿಸಿ, ಕೈಗಿತ್ತು ಹೋದರು. "ಈ ಕಪ್ಪೆ ಸಾಕೋಕೆ ಹೆದರೋರೇ ಬೇಕು ದೇವರಾಜು. ನಿಮಗಿಂತ ಹೆದರೋರು ನನಗೆ ಸಿಗಲಿಲ್ಲ" ಅಂದರು.

ಅಪ್ಪ ತೀರಿಕೊಂಡ ಮೇಲೆ ಬೀಗ ಬಿದ್ದಿದ್ದ ಕುಲುಮೆಯ ಕೋಣೆಯೇ ಮನೆಯಲ್ಲೆಲ್ಲ ದಪ್ಪ ಮಣ್ಣಿನ ಗೋಡೆಯದು. ಅಲ್ಲೇ ಕಪ್ಪೆಮನೆ ಎದ್ದಿತು. ತಳಕ್ಕೆ ಕುಲುಮೆಯಲ್ಲೇ ಉಳಿದಿದ್ದ ಇದ್ದಿಲು, ಅದರ ಮೇಲೆ ಚೈತ್ರಳ ಅತ್ತೆಮನೆಯವರು ಕಳಿಸಿದ ತೆಂಗಿನ ನಾರಿನ ಪುಡಿ, ಪಾಚಿ, ಜರಿಗಿಡ, ಅನಾನಸಿನ ಹಾಗೆ ಎಲೆ ಬಿಡುವ, ಎಲೆಯ ಸಂದಿಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಗಿಡ. ಮೂಲೆಯಲ್ಲಿ ಬೋರಲು ಹಾಕಿದ ಅರ್ಧ ತೆಂಗಿನ ಚಿಪ್ಪು, ಅದಕ್ಕೊಂದು ಬಾಗಿಲು ಕೊರೆದದ್ದು. ಕೊಳವೆಬಾವಿಯ ನೀರಲ್ಲಿ ಉಪ್ಪು ಹೆಚ್ಚು ಅಂತ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು, ಸೋಸಿ, ಬೆಳಿಗ್ಗೆ ಸಂಜೆ ಮಂಜಿನ ಹಾಗೆ ಚಿಮುಕಿಸುತ್ತಿದ್ದ. ದೂರದ ಕ್ವಾರಿಯಲ್ಲಿ ಸಿಡಿಮದ್ದು ಸಿಡಿಸಿದಾಗ ಊರಿನವರು ಕಿವಿ ಮುಚ್ಚಿಕೊಂಡರೆ ಇವನು ಹೋಗಿ ಗಾಜಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದ.

ನೊಣ ಸಾಕುವುದು ಬೇರೆ ಕೆಲಸ. ಕಳಿತ ಬಾಳೆಹಣ್ಣು, ಬೆಲ್ಲ ಕಲಸಿ ಬಾಟಲಿಗೆ ಹಾಕಿ, ರೆಕ್ಕೆ ಬಾರದ ಜಾತಿಯ ಹಣ್ಣಿನ ನೊಣ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಬೇಕು. ಮೊದಲ ಸಲ, ತನ್ನ ಕಪ್ಪೆಗೆ ಚೆಂದದ್ದೇ ಇರಲಿ ಅಂತ ಆಲೆಮನೆಗೆ ಹೋಗಿ ಬೆಳ್ಳಗೆ ಫಳಫಳ ಹೊಳೆಯುವ ಅಚ್ಚುಬೆಲ್ಲ ಆರಿಸಿ ತಂದ. ಬಾಟಲಿಯ ನೊಣವೆಲ್ಲ ಸತ್ತವು. ಬೆಲ್ಲ ಬೆಳ್ಳಗಾಗಲು ಪಾಕಕ್ಕೆ ಏನೇನು ಸುರಿಯುತ್ತಾರೆ ಅನ್ನುವುದು ಸುತ್ತಿನವರಿಗೆಲ್ಲ ಗೊತ್ತಿದ್ದದ್ದೇ, ಇವನಿಗೂ. ತನಗೆ ಮಾತ್ರ ಯಾವತ್ತೂ ಕೊಳಕು ಬಣ್ಣದ ಬೆಲ್ಲ ತರುತ್ತಿದ್ದವನು ಕಪ್ಪೆಯ ಮೇಲಿನ ಪ್ರೀತಿಗೆ ಬಿಳಿದು ತಂದಿದ್ದ. "ಎಲ್ಲಾರ ಮನೇಲೂ ನೊಣ ಓಡ್ಸ್ತಾರೆ, ನಮ್ಮನೇಲಿ ಬೆಲ್ಲ ಆಕಿ ಕರೀತಾರೆ" ಎಂದು ಸೋಮಮ್ಮ ಗೊಣಗಿದರೂ, ಅವಳೇ ಮಾರನೆಯ ದಿನ ಕರಿಬೆಲ್ಲ ಕುಟ್ಟಿಕೊಟ್ಟಳು.

ಊರಿನ ಭಯ ಬೇರೆ ಇತ್ತು. ಎದುರುಮನೆಯ ಚಿಕ್ಕಸ್ವಾಮಿ ಫೋನಿನಲ್ಲಿ ವಿಡಿಯೋ ನೋಡಿದ್ದ. ಯಾವುದೋ ದೇಶದ ಕಾಡಿನ ಜನ ಇಂಥ ಕಪ್ಪೆಯ ಮೈಯ ವಿಷವನ್ನು ಬಾಣದ ತುದಿಗೆ ಸವರುತ್ತಾರಂತೆ, ಒಂದು ಕಪ್ಪೆಗೆ ಒಂದು ಬೀದಿಯೇ ಖಾಲಿಯಂತೆ. ಹಾಗೆ ಸವರುವುದು ಬೇರೆ ಜಾತಿ, ಇವಕ್ಕೂ ವಿಷ ಬರುವುದು ಆ ಕಾಡಿನಲ್ಲಿ ತಿನ್ನುವ ಇರುವೆ ಹುಳುಗಳಿಂದ, ಬಾಳೆಹಣ್ಣಿನ ನೊಣ ತಿಂದು ಇಲ್ಲೇ ಹುಟ್ಟಿ ಬೆಳೆದದ್ದಕ್ಕೆ ಎಲ್ಲಿಂದ ಬರಬೇಕು ಎಂದು ದೇವರಾಜು ಎಷ್ಟು ಸಲ ಹೇಳಿದ್ದನೋ. ಕೇಳಿದವರು ಹೂಂ ಅನ್ನುತ್ತಿದ್ದರು, ಅವನ ಮನೆ ಬಾಗಿಲಲ್ಲಿ ಚಪ್ಪಲಿ ಬಿಡದೆ ಆಚೆಯಿಂದಲೇ ಮಾತಾಡಿ ಹೋಗುತ್ತಿದ್ದರು.

ಹೀಗಿರುವಾಗ, ಈ ಸಲದ ಬೇಸಿಗೆಯಲ್ಲಿ, ಗಂಡುಕಪ್ಪೆ ಹಾಡತೊಡಗಿತು. ನಮ್ಮ ಕೆರೆ ಕಪ್ಪೆಯ ವಟವಟ ಅಲ್ಲ. ಯಾವುದೋ ಸಣ್ಣ ಹಕ್ಕಿ ಗಂಟಲು ನಡುಗಿಸಿ ಎಳೆದ ಹಾಗೆ ಉದ್ದನೆಯ ಟ್ರಿರ್ರ್. ಒಂದು ಬೆಳಿಗ್ಗೆ ಚಿಪ್ಪು ಎತ್ತಿ ನೋಡಿದರೆ ಒಳಗಿಟ್ಟಿದ್ದ ತಟ್ಟೆಯ ಮೇಲೆ, ಸಬ್ಬಕ್ಕಿ ಬೆಂದು ಕಣ್ಣು ಬಿಟ್ಟ ಹಾಗೆ, ಮೊಟ್ಟೆ. ಮೊದಲ ಮೊಟ್ಟೆ. ದೇವರಾಜು ಚಿಪ್ಪನ್ನು ಇದ್ದ ಹಾಗೇ ಮುಚ್ಚಿ ಆಚೆ ಬಂದು ಸೋಮಮ್ಮನ ಮುಂದೆ ನಿಂತ.

"ಏನಾಯ್ತು? ಸತ್ತೋದ್ವಾ?"

"ಇಲ್ಲ ಕಣಮ್ಮಿ. ಮೊಟ್ಟೆ."

"ಅದುಕ್ಯಾಕೆ ಇಂಗೆ ಬೆವರ್ತಾ ಇದ್ದೀರಿ? ನೀವಿಕ್ಕಿದ್ದ?"

ಅವನ ಬೆವರಿಗೆ ಕಾರಣವಿತ್ತು. ಬಿಸಿಲು ದಿನದಿಂದ ದಿನಕ್ಕೆ ಏರುತ್ತಿತ್ತು. ಆ ಕಪ್ಪೆಗಳಿಗೆ ನಮ್ಮ ಬೇಸಿಗೆ ತಡೆಯದು. ಕಪ್ಪೆಮನೆಯೊಳಗಿನ ಬಿಸಿ ಮೂವತ್ತು ಡಿಗ್ರಿ ದಾಟಿ ನಿಂತರೆ ಮೊಟ್ಟೆಯೂ ಉಳಿಯದು, ಇಟ್ಟವೂ ಉಳಿಯವು ಎಂದು ಮೇಷ್ಟ್ರು ಮತ್ತೆ ಮತ್ತೆ ಹೇಳಿದ್ದರು. ಸಣ್ಣ ಫ್ಯಾನುಗಳು, ಒದ್ದೆ ಗೋಣಿತಾಟು, ಮಂಜಿನ ಮೋಟಾರು, ಎಲ್ಲವೂ ಕರೆಂಟಿನ ಮೇಲೆ ನಿಂತಿದ್ದವು. ಆ ಕರೆಂಟೇ ಹೋಯಿತು. ಬೀದಿ ತುದಿಯ ಟೀಸಿ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು, ಢಬ್ಬೆಂದು ಹೊಗೆ ಬಿಟ್ಟು ಸುಟ್ಟುಹೋಯಿತು. ಲೈನ್‌ಮ್ಯಾನು ಬಂದು ಕಂಬದ ಕೆಳಗೆ ನಿಂತು ಮೇಲೆ ನೋಡಿ, "ಬೇರೆ ಟೀಸಿ ಬರ್ಬೇಕು" ಎಂದು ಹೇಳಿ ಹೋದ.

ಮೊದಲ ದಿನ ಬೀಸಣಿಗೆಯಲ್ಲಿ ಕಳೆಯಿತು. ಎರಡನೆಯ ದಿನ ಪಾಂಡವಪುರದಿಂದ ಐಸು ತಂದ. ಬೈಕಿನಲ್ಲಿ ಬರುವಷ್ಟರಲ್ಲಿ ಅರ್ಧ ದಾರಿಗೆ ಸೋರಿಹೋಗಿತ್ತು. ಉಳಿದದ್ದನ್ನು ಬಾಟಲಿಗೆ ತುಂಬಿ ಜಾಲರಿಯ ಮೇಲಿಟ್ಟ. ಅದೂ ಕರಗಿತು. ಮಾರನೆಯ ಬೆಳಿಗ್ಗೆಯೇ ಉಷ್ಣಮಾಪಕದ ಅಂಕಿ ಮೂವತ್ತು ಮುಟ್ಟಿತ್ತು. ಹೆಣ್ಣುಕಪ್ಪೆ ಎಲೆಯ ಸಂದಿಯ ನೀರಲ್ಲಿ ಕಾಲು ಚಾಚಿ ಬಿದ್ದಿತ್ತು. ಗಂಡು ಮೊಟ್ಟೆಯ ಪಕ್ಕ ಕೂತಿತ್ತು, ಗಂಟಲು ಮಾತ್ರ ಪಟಪಟ ಬಡಿಯುತ್ತಿತ್ತು. ಟೀಸಿ ಸುಟ್ಟಾಗಿನಿಂದ ಅದು ಹಾಡಿರಲಿಲ್ಲ.

ಪಾಂಡವಪುರದ ಅಂಗಡಿಗೆ ಒಯ್ಯೋಣವೆಂದರೆ ಅದು ತಗಡಿನ ಚಾವಣಿ. ಬಸ್ಸಿನಲ್ಲಿ ಮೈಸೂರಿಗೆ ಒಯ್ಯೋಣವೆಂದರೆ ದಾರಿಯ ಬಿಸಿಲೇ ಸಾಕು ಕೊಲ್ಲಲು. ಮೇಷ್ಟ್ರಿಗೆ ಫೋನು ಮಾಡಿದ.

"ಎಷ್ಟಾಗುತ್ತೋ ಅಷ್ಟು ಕೆಳಗಿಡಿ ದೇವರಾಜು. ನೆಲದ ಹತ್ತಿರ ತಂಪಿರುತ್ತೆ."

"ನೆಲದ ಮ್ಯಾಲೇ ಇಟ್ಟಿವ್ನಿ ಸಾ."

"ಇನ್ನೂ ಕೆಳಗೆ ಜಾಗ ಇಲ್ವಾ?"

ಫೋನು ಇಟ್ಟು ದೇವರಾಜು ಬಾಗಿಲಿಗೆ ಬಂದ. ಎದುರುಮನೆಯ ಅಂಗಳದಲ್ಲಿ, ಮಣ್ಣು ಮೆತ್ತಿದ ಚಪ್ಪಡಿ ಕಲ್ಲು ಕಾಣುತ್ತಿತ್ತು. ಚಿಕ್ಕಸ್ವಾಮಿಯ ಮನೆಯ ಹಗೇವು. ನೆಲದೊಳಗೆ ಹೂಜಿಯ ಹಾಗೆ ಕೊರೆದ ರಾಗಿಯ ಗುಳಿ. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಊರಿನಲ್ಲಿ ಉಳಿದವರೆಲ್ಲ ಹಗೇವು ಮುಚ್ಚಿ ಮೇಲೆ ಸಿಮೆಂಟು ಬಳಿದಿದ್ದರು. ಚಿಕ್ಕಸ್ವಾಮಿಯ ತಾಯಿ ಬೈರಮ್ಮ ಮಾತ್ರ, ಮೂಟೆಯ ರಾಗಿ ಹುಳ ಹಿಡಿಯುತ್ತೆ ಎಂದು ಹಟ ಹಿಡಿದು ಈಗಲೂ ಸುಗ್ಗಿಯಾದ ಮೇಲೆ ಅದಕ್ಕೇ ತುಂಬಿಸುತ್ತಿದ್ದಳು.

ಬೈರಮ್ಮ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು.

"ಬೈರವ್ವ, ಒಂದ್ ಉಪಕಾರ ಆಗ್ಬೇಕು."

"ಏನ್ಲಾ ಮಗ, ಮುಖ ಇಂಗ್ ಬಾಡೋಗದೆ? ಸೋಮಿ ಉಸಾರಾಗವ್ಳ?"

"ಅವ್ಳು ಚೆಂದಾಗವ್ಳೆ. ಕಪ್ಪೆ..."

"ಓ" ಎಂದು ಬೈರಮ್ಮ ಮತ್ತೆ ಮೊರಕ್ಕೆ ಕೈ ಹಾಕಿದಳು.

ಅವನು ತಡವರಿಸಿಕೊಂಡು ವಿಷಯ ಹೇಳಿದ. ಕರೆಂಟು ಬರುವ ತನಕ ಒಂದು ಡಬ್ಬಿ, ಜಾಲರಿ ಮುಚ್ಚಳ ಬಿಗಿದ ಡಬ್ಬಿ, ಹಗೇವಿನ ತಂಪಿನಲ್ಲಿ ಇಡಬೇಕು. ಮಾತು ಮುಗಿಯುವ ಮುಂಚೆ ಒಳಗಿನಿಂದ ಚಿಕ್ಕಸ್ವಾಮಿ ಪಂಚೆ ಎತ್ತಿ ಕಟ್ಟಿಕೊಂಡೇ ಬಂದ.

"ಏನಂದೆ? ಅಗೇವಿಗಾ? ಇಸದ್ ಕಪ್ಪೆ ತಂದು ನಾವ್ ತಿನ್ನೋ ರಾಗಿ ಮ್ಯಾಲೆ ಕುಂಡ್ರಿಸ್ತೀಯೇನ್ಲಾ ಆಚಾರಿ? ನಮ್ಮನೇರ್ಗೆಲ್ಲ ಒಂದೇ ಸಲ ತಿಥಿ ಮಾಡ್ಸಾನ ಅಂತಾನ?"

"ಇಸ ಇಲ್ಲ ಕಣ್ಲಾ ಚಿಕ್ಕಸಾಮಿ. ಎಷ್ಟ್ ಸಲ ಹೇಳಿವ್ನಿ."

"ಇಸ ಇಲ್ದಿದ್ರೆ ಒಂದ್ ದಪನಾರ ಮುಟ್ಟಿದ್ದೀಯ? ಕಿಟಕೀಲಿ ನೋಡಿವ್ನಿ ಕಣ್ಲಾ ನಾನು. ಒಳಿಕ್ಕೆ ಕೈ ಇಡ್ಬೇಕಾದ್ರೆಲ್ಲ ಗ್ಲೌಸ್ ಹಾಕ್ಕತೀಯ. ಎದ್ರಿಕೆ ಇಲ್ದಿದ್ರೆ ಯಾಕ್ ಹಾಕ್ಕತೀಯ?"

"ಅದು ನನ್ಗಲ್ಲ ಕಣ್ಲಾ, ಅವುಕ್ಕೆ! ನಮ್ ಕೈ ಬೆವರು, ಉಪ್ಪು, ಸೋಪು ಅವುಗಳ ಚರ್ಮುಕ್ಕೆ ಆಗಾಕಿಲ್ಲ."

"ಕೇಳಿದ್ಯೇನವ್ವ? ಕಪ್ಪೇಲಿ ಇಸ ಇಲ್ವಂತೆ. ನಮ್ ಕೈನಾಗೇ ಇರೋದಂತೆ!"

ಬೈರಮ್ಮ ನಗಲಿಲ್ಲ. ಮೊರ ಕೆಳಗಿಟ್ಟು ಆಕಾಶ ನೋಡಿದಳು. "ಇವತ್ತು ಸುಕ್ರವಾರ" ಅಂದಳು.

ಶುಕ್ರವಾರ ಆ ಮನೆಯವರು ಹಗೇವಿನಿಂದ ಒಂದು ಹಿಡಿ ರಾಗಿಯನ್ನೂ ಆಚೆ ತೆಗೆಯುವುದಿಲ್ಲ. ಲಕ್ಷ್ಮಿ ಹೊರಗೆ ಹೋದ ಹಾಗೆ ಅನ್ನುವ ನಂಬಿಕೆ. ರಾಗಿ ಮುಗಿಯುವ ಹಾಗಿದ್ದರೆ ಗುರುವಾರವೇ ತೆಗೆದಿಟ್ಟುಕೊಳ್ಳುತ್ತಾರೆ. ದೇವರಾಜು ತಿರುಗಿ ಮೆಟ್ಟಿಲಿಳಿಯಬೇಕು, ಅಷ್ಟರಲ್ಲಿ ಬೈರಮ್ಮ ನಿಧಾನಕ್ಕೆ ಅಂದಳು:

"ತೆಗ್ಯೋಕ್ ಆಗಲ್ಲ. ಇಡೋಕ್ ಏನಡ್ಡಿ? ಸುಕ್ರವಾರ ಮನೆಗ್ ಬಂದಿದ್ದನ್ನ ಯಾರೂ ಬ್ಯಾಡ ಅನ್ನಲ್ಲ. ಆದ್ರೆ ಇಸದ್ ಮಾತು ಬಗೆಹರೀಬೇಕು. ತಕಂಡ್ ಬಾ. ನನ್ ಮುಂದೆ ಬರಿಗೈಲಿ ಮುಟ್ಟು. ಅದೇ ಕೈಲಿ ನಮ್ಮನೆ ಮುದ್ದೆ ಮುರಿ."

ವಿಷದ ಭಯ ದೇವರಾಜುವಿಗೆ ಇರಲಿಲ್ಲ. ಇದ್ದದ್ದು ಬೇರೆ ಭಯ. ಬಿಸಿಗೆ ಸೋತು ಬಿದ್ದಿರುವ ಜೀವವನ್ನು, ಇಷ್ಟು ಕಾಲ ಒಮ್ಮೆಯೂ ಬರಿಗೈಲಿ ಮುಟ್ಟದೆ ಕಾಪಾಡಿದ್ದನ್ನು, ಈಗ ಬೀದಿಯವರ ಮುಂದೆ ಕೈಗೆ ಎತ್ತಿಕೊಳ್ಳಬೇಕು. ಮುಟ್ಟದಿದ್ದರೆ ಬಿಸಿ ಕೊಲ್ಲುತ್ತದೆ, ಮುಟ್ಟಿದರೆ ತಾನೇ ಏನು ಮಾಡಿಬಿಡುತ್ತೇನೋ. ಮನೆಗೆ ಹೋಗಿ ಸೋಪಿಲ್ಲದೆ, ಬರೀ ಮಳೆನೀರಲ್ಲಿ, ಕೈಯನ್ನು ತೊಳೆದ, ಮತ್ತೆ ತೊಳೆದ. "ಸಾಕು ಬುಡಿ, ಚರ್ಮ ಕಿತ್ತೋದಾತು" ಎಂದು ಸೋಮಮ್ಮ ಚೊಂಬು ಕಿತ್ತುಕೊಂಡಳು. ಡಬ್ಬಿಗೆ ಒದ್ದೆ ಪಾಚಿ ಹಾಸಿ, ತೆಂಗಿನ ಚಿಪ್ಪು, ಅದರಡಿಯ ಮೊಟ್ಟೆಯ ತಟ್ಟೆ, ಎರಡು ಕಪ್ಪೆ, ಎಲ್ಲವನ್ನೂ ಸೇರಿಸಿ ಇಬ್ಬರೂ ಬೀದಿ ದಾಟಿದರು.

ಜಗಲಿಯ ನೆರಳಲ್ಲಿ ಅವನು ಒದ್ದೆ ಅಂಗೈಯನ್ನು ಪಾಚಿಯ ಮೇಲೆ ಅಂಗಾತ ಇಟ್ಟ. ಹೆಣ್ಣುಕಪ್ಪೆ ಅಲ್ಲಾಡಲಿಲ್ಲ. ಆಮೇಲೆ ಒಂದು ಕಾಲು ಇಟ್ಟಿತು, ಇನ್ನೊಂದು ಇಟ್ಟಿತು. ಅಂಗೈ ಮೇಲೆ ಒಂದು ಹನಿ ನೀರು ನಡೆದ ಹಾಗಿತ್ತು, ಅಷ್ಟೇ ಭಾರ. ಅದರ ಗಂಟಲ ಬಡಿತ ಅವನ ಚರ್ಮಕ್ಕೆ ತಿಳಿಯುತ್ತಿತ್ತು. ಉಸಿರು ಬಿಟ್ಟರೆ ಹಾರಿಹೋದೀತು ಎಂಬಂತೆ ಕೂತಿದ್ದ.

"ಕಂಡ್ಯವ್ವ?" ಎಂದ, ತುಟಿ ಅಲ್ಲಾಡಿಸದೆ.

"ಕಂಡೆ. ಇಳಿಸು, ಪಾಪ."

ಬೈರಮ್ಮ ಒಳಗಿನಿಂದ ಮುದ್ದೆ, ಬಸ್ಸಾರು ತಂದಿಟ್ಟಳು. ಅವನು ಅದೇ ಕೈಯಲ್ಲಿ ಮುರಿದು, ಅದ್ದಿ, ನುಂಗಿದ. ಬೀದಿಯಲ್ಲಿ ನಿಂತವರು ಮುಂದಕ್ಕೆ ಬಾಗಿದರು.

"ಏನಾರ ಆಯ್ತಾ ಅದೇನ್ಲಾ?" ಚಿಕ್ಕಸ್ವಾಮಿಯ ದನಿ ಇಳಿದಿತ್ತು. "ತಲೆಗಿಲೆ ಸುತ್ತಾದಾ?"

"ಸಾರ್ಗೆ ಉಪ್ಪು ಕಮ್ಮಿ ಅದೆ."

"ತಿಂದಿದ್ದಲ್ದೆ ಕೊಂಕು ಬ್ಯಾರೆ" ಎಂದಳು ಬೈರಮ್ಮ, ಮತ್ತು ಹಾರೆ ತರುವಂತೆ ಮಗನಿಗೆ ಕೈ ಮಾಡಿದಳು.

ಮೆತ್ತಿದ ಮಣ್ಣು ಕಿತ್ತು, ಚಪ್ಪಡಿ ಸರಿಸಿದಾಗ ಒಳಗಿನಿಂದ ತಣ್ಣನೆಯ ರಾಗಿಯ ವಾಸನೆ ಮುಖಕ್ಕೆ ಬಡಿಯಿತು. ಆ ತಂಪು ತಾಗಿದ್ದೇ ದೇವರಾಜು ಡಬ್ಬಿಗೆ ಹಗ್ಗ ಬಿಗಿದು ಬಾಯೊಳಗೆ ಇಳಿಸತೊಡಗಿದ.

"ಲೇ! ತೆಗಿ ಮ್ಯಾಲಕ್ಕೆ!" ಬೈರಮ್ಮ ಕೂಗಿದ ಕೂಗಿಗೆ ಅವನ ಕೈ ನಿಂತಿತು. "ದೀಪ ಬುಡ್ದೆ ಏನನ್ನೂ ಇಳಿಸ್ತಾರೇನ್ಲಾ? ಮುಚ್ಚಿದ್ ಅಗೇವಲ್ಲಿ ಉಸ್ರಿರಾಕಿಲ್ಲ."

ಸರಪಳಿಯ ತೂಗುದೀಪಕ್ಕೆ ಹರಳೆಣ್ಣೆ ಹಾಕಿ, ಹೊತ್ತಿಸಿ, ಹಗ್ಗಕ್ಕೆ ಕಟ್ಟಿ ಅವಳೇ ಇಳಿಸಿದಳು. ದೀಪ ಬಾಯಿ ದಾಟಿತು, ಕತ್ತು ದಾಟಿತು. ರಾಗಿಯ ಹತ್ತಿರ ಹೋಗುತ್ತಲೇ ಸಣ್ಣಗಾಗಿ, ನೀಲಿಯಾಗಿ, ಯಾರೋ ಊದಿದ ಹಾಗೆ ಆರಿತು.

ದೇವರಾಜು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಕೂತುಬಿಟ್ಟ. ಇನ್ನೊಂದು ಮೊಳ ಇಳಿಸಿದ್ದರೆ! ರಾಗಿ ಒಳಗೇ ಉಸಿರಾಡಿ ಗಾಳಿಯನ್ನೆಲ್ಲ ಕೆಡಿಸಿಟ್ಟಿರುತ್ತದೆ ಅನ್ನುವುದು ಒಕ್ಕಲು ಮಕ್ಕಳಿಗೆ ತೊಟ್ಟಿಲಿನಿಂದ ಗೊತ್ತು. ಕುಲುಮೆಯ ಮನೆಯಲ್ಲಿ ಬೆಳೆದವನಿಗೆ ಎಲ್ಲಿಂದ ಗೊತ್ತಿರಬೇಕು?

"ಸಂಜೆಗಂಟ ಬಾಯಿ ತೆಗೆದಿದ್ರೆ ಸರಿ ಓಯ್ತದೆ" ಎಂದಳು ಬೈರಮ್ಮ.

"ಸಂಜೆಗಂಟ ಇವು ಉಳ್ಯಾಕಿಲ್ಲ ಕಣವ್ವ." ಡಬ್ಬಿಯೊಳಗೆ ಗಂಡು ಕಣ್ಣು ಮುಚ್ಚಿತ್ತು. ಮೇಲೆ ಸುಡುವ ಗಾಳಿ, ಕೆಳಗೆ ಗಾಳಿಯೇ ಇಲ್ಲದ ತಂಪು. ಗಾಳಿ ಇದ್ದ ಕಡೆಯಿಂದ ಇಲ್ಲದ ಕಡೆಗೆ ಗಾಳಿ ಊದುವುದು ಹೇಗೆ? ಹಾಗೆ ಅನ್ನಿಸಿದ ಕ್ಷಣವೇ ಅವನಿಗೆ ಮುಖ ತಿರುಗಿಸಿಕೊಂಡು ತಾನು ಆಡಿಸುತ್ತಿದ್ದ ತಿದಿ ನೆನಪಾಯಿತು. ಡಬ್ಬಿಯನ್ನು ಸೋಮಮ್ಮನ ಮಡಿಲಿಗಿಟ್ಟು ಮನೆಗೆ ಓಡಿದ.

ಚರ್ಮದ ತಿದಿ ಹರಿದ ಮೇಲೆ ಅಪ್ಪ ತಂದಿದ್ದ, ಹಿಡಿ ತಿರುಗಿಸಿದ ಹಾಗೆಲ್ಲ ಊದುವ ಕಬ್ಬಿಣದ ತಿದಿ ಕುಲುಮೆಯ ಮೂಲೆಯಲ್ಲಿ ಹಾಗೇ ಇತ್ತು. ಹೊತ್ತು ತಂದು ಅಂಗಳದಲ್ಲಿ ಕೂರಿಸಿದ. ಚಿಕ್ಕಸ್ವಾಮಿ ತಾನಾಗಿಯೇ ಒಂದು ಪೈಪು ತಂದು ಮುಂದೆ ಹಿಡಿದ. ದೇವರಾಜು ಅದನ್ನು ಮೂಗಿಗೆ ಹಿಡಿದು ನೋಡಿ ಬಿಸಾಡಿದ.

"ಇದ್ರಲ್ಲಿ ಕಬ್ಬಿಗೆ ಔಸ್ದಿ ಒಡ್ದಿದ್ದೀಯ."

"ಓದೊರ್ಸ ಒಡೆದಿದ್ದು ಕಣ್ಲಾ!"

"ಬ್ಯಾಡ." ತನ್ನ ಮೀನಿನ ತೊಟ್ಟಿಗಳಿಗೆ ಬಳಸುವ ಹೊಸ ಪೈಪನ್ನೇ ತಂದು ತಿದಿಯ ಮೂತಿಗೆ ಸಿಕ್ಕಿಸಿ ಬಟ್ಟೆ ಸುತ್ತಿದ. ಮೊದಲು ಬೀದಿಯ ಕಡೆ ಊದಿದ. ಹಳೆಯ ಮಸಿ ಭುಸ್ಸೆಂದು ಚಿಕ್ಕಸ್ವಾಮಿಯ ಬಿಳಿ ಬನಿಯನ್ನಿಗೆ ಹೋಗಿ ಕೂತಿತು. ಗಾಳಿ ಶುದ್ಧವಾದ ಮೇಲೆ ಪೈಪನ್ನು ಹಗೇವಿಗೆ ಇಳಿಬಿಟ್ಟು ತಿರುಗಿಸತೊಡಗಿದ. ತೋಳು ಸೋತಾಗ ಚಿಕ್ಕಸ್ವಾಮಿ ಬಂದು, "ಸರ್ಕೊ ಅತ್ಲಾಗೆ" ಎಂದು ಹಿಡಿಗೆ ಕೈ ಹಾಕಿದ. ದೀಪ ಮತ್ತೆ ಇಳಿಯಿತು, ಸಣ್ಣಗಾಯಿತು, ಮೇಲೆಳೆದರು. ಮತ್ತೆ ತಿರುಗಿಸಿದರು. ಕೊನೆಗೆ ದೀಪ ರಾಗಿಯ ಮೇಲಿನ ಹುಲ್ಲಿನ ಹಾಸನ್ನು ಬೆಳಗಿ, ಅಲ್ಲಾಡದೆ ಉರಿಯಿತು.

ಡಬ್ಬಿ ಕೆಳಗಿಳಿಯಿತು. ಅದರ ಎತ್ತರಕ್ಕೇ ದೀಪ ತೂಗುಬಿಟ್ಟರು. ದೇವರಾಜು ಬಾಯಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಆ ಕುಡಿಯನ್ನೇ ನೋಡತೊಡಗಿದ. ಬೆಂಕಿಗೆ ಹೆದರಿ ಬೀದಿಗೆ ಓಡುತ್ತಿದ್ದವನು, ಈಗ ಅದು ಆರೀತೆಂದು ಹೆದರಿ ಅಲ್ಲಿಂದ ಏಳಲಾರದೆ ಇದ್ದ. ಕುಡಿ ಸ್ವಲ್ಪ ಬಾಗಿದರೂ, "ತಿರುಗ್ಸು, ತಿರುಗ್ಸು!" ಅನ್ನುತ್ತಿದ್ದ.

ಸಂಜೆ ಹೊತ್ತಿಗೆ ಲಾರಿಯಲ್ಲಿ ಹೊಸ ಟೀಸಿ ಬಂತು. ಬೀದಿಯ ಮನೆಗಳಲ್ಲಿ ದೀಪ ಹತ್ತಿದವು, ಟಿವಿಗಳು ಕೂಗಿದವು. ದೇವರಾಜು ಎದ್ದು ಹಗ್ಗಕ್ಕೆ ಕೈ ಹಾಕಿದ.

"ಎಲ್ಗೆ?" ಎಂದಳು ಬೈರಮ್ಮ.

"ಕರೆಂಟ್ ಬಂತಲ್ಲವ್ವ. ಮನೆಗ್ ತಕಂಡ್ ಓಯ್ತೀನಿ."

"ಸುಕ್ರವಾರ ಕಣ್ಲಾ. ನಮ್ಮ ಅಗೇವಿಂದ ಇವತ್ತು ಏನೂ ಆಚೆ ಬರಾಕಿಲ್ಲ."

"ಅದು ರಾಗಿ ಅಲ್ಲ ಕಣವ್ವ, ಕಪ್ಪೆ!"

"ಒಳಿಕ್ಕೆ ಓದ್ಮೇಲೆ ಎಲ್ಲಾ ಒಂದೇಯ. ನಾಳೆ ಬೆಳಕರೀಲಿ."

ಅವನು ಬೇಡಿಕೊಂಡ. ಚಿಕ್ಕಸ್ವಾಮಿಯೂ, "ಬುಡವ್ವ, ಓಗ್ಲಿ" ಎಂದ. ಅವಳು ಕೇಳಿಸದವಳ ಹಾಗೆ ಹುರುಳಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಅದೇ ಹೊತ್ತಿಗೆ ಕುಂತಿಬೆಟ್ಟದ ಕಡೆ ಮೋಡ ಕಟ್ಟಿ ಗುಡುಗಿತು. ಊರಿಗೆಲ್ಲ ಖುಷಿ. ದೇವರಾಜುವಿಗೆ ಮಾತ್ರ ಇನ್ನೊಂದು ಚಿಂತೆ: ಮಳೆ ಬಂದು ತೆರೆದ ಹಗೇವಿಗೆ ನೀರು ಇಳಿದರೆ ಆ ಮನೆಯ ವರ್ಷದ ರಾಗಿ ಕೊಳೆಯುತ್ತದೆ, ಚಪ್ಪಡಿ ಮುಚ್ಚಿದರೆ ಕಪ್ಪೆಯ ಉಸಿರು ಕಟ್ಟುತ್ತದೆ. ಮನೆಯಿಂದ ದಪ್ಪ ಗಾಜಿನ ಹಲಗೆಗಳನ್ನು ತಂದ. ಬಾಯಿಯ ಸುತ್ತ ಇಟ್ಟಿಗೆ ಜೋಡಿಸಿ, ಗಾಜನ್ನು ಓರೆಯಾಗಿ ಕೂರಿಸಿ, ಸುತ್ತ ಮಣ್ಣಿನ ಬದು ಕಟ್ಟಿದ. ನೀರು ಜಾರಿ ಬೀದಿಗೆ ಹೋಗಬೇಕು, ಗಾಳಿ ಇಟ್ಟಿಗೆಯ ಸಂದಿನಲ್ಲಿ ಆಡಬೇಕು. ಗಾಜಿನ ಕೆಳಗೆ, ಆಳದಲ್ಲಿ, ದೀಪದ ಕುಡಿ ಕಾಣುತ್ತಿತ್ತು. ನಾಲ್ಕು ಹನಿ ಬಿದ್ದು ಮಳೆ ಎತ್ತಲೋ ಹೋಯಿತು. ಅವನು ಜಗಲಿಯಲ್ಲೇ ಉಳಿದ. ಸೋಮಮ್ಮ ಅನ್ನದ ತಟ್ಟೆಯನ್ನೂ ಕಂಬಳಿಯನ್ನೂ ಅಲ್ಲಿಗೇ ತಂದು ಕೊಟ್ಟಳು.

ಬೆಳಕು ಹರಿಯುವ ಹೊತ್ತಿಗೆ ಕಣ್ಣು ಬಿಟ್ಟರೆ ಗಾಜಿನ ಕೆಳಗೆ ಕತ್ತಲೆ. ದೀಪ ಆರಿತ್ತು. ಎಣ್ಣೆ ಮುಗಿದು ಆರಿತೋ, ಗಾಳಿ ಮುಗಿದು ಆರಿತೋ? ಅವನು ಗಾಜು ಸರಿಸಿ, ತಿದಿಯ ಹಿಡಿ ಹುಡುಕಿದ. "ಚಿಕ್ಕಸಾಮಿ! ಲೇ!" ಎಂದು ಕೂಗಲು ಬಾಯಿ ತೆರೆದ.

ಆಗ ಹಗೇವು ಹಾಡಿತು.

ಗಾಜಿನ ಮನೆಯಲ್ಲಿ ಹಕ್ಕಿಯ ನಡುಗುದನಿಯಷ್ಟಿದ್ದದ್ದು ಆ ಹೂಜಿಯ ಹೊಟ್ಟೆಯಲ್ಲಿ ತುಂಬಿಕೊಂಡು, ನೆಲದ ಬಾಯಿಂದ ಎದ್ದು ಬಂತು. ಟ್ರಿರ್ರ್ ಎಂದು, ಉದ್ದಕ್ಕೆ, ಮತ್ತೆ ಮತ್ತೆ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದ ಹೆಂಗಸರು ತಿರುಗಿ ನೋಡಿದರು. ಚಿಕ್ಕಸ್ವಾಮಿ ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಬಂದು ನಿಂತ. ಬೈರಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದವಳು ಚೊಂಬು ಹಿಡಿದೇ ಕಿವಿಗೊಟ್ಟಳು.

"ಅದೇನಾ?"

"ಅದೇ ಕಣವ್ವ. ಗಂಡು."

"ಇಷ್ಟ್ ಚೆಂದಾಗ್ ಕೂಗ್ತದೆ ಅಂತ ಯೋಳ್ನೇ ಇಲ್ವಲ್ಲಾ ನೀನು. ಬರೀ ಸಾಯ್ತದೆ ಸಾಯ್ತದೆ ಅಂತಿದ್ದೆ."

ದೀಪ ಹಚ್ಚಿ ಇಳಿಸಿ ನೋಡಿದರು, ಆರಲಿಲ್ಲ. ಎಣ್ಣೆಯೇ ಮುಗಿದಿತ್ತು. ಆದರೂ ತೆರೆದ ಹಗೇವಿನಿಂದ ಮೊದಲು ರಾಗಿಯೇ ಆಚೆ ಬರಬೇಕು ಎಂದು ಬೈರಮ್ಮ ಹಟ ಹಿಡಿದಳು. ಚಿಕ್ಕಸ್ವಾಮಿ ಒಳಗಿಳಿದು, ಡಬ್ಬಿಗೆ ಮೈ ತಾಗದ ಹಾಗೆ ಒತ್ತರಿಸಿ ನಿಂತು, ಒಂದು ಮೊರ ರಾಗಿ ಮೇಲೆ ಕೊಟ್ಟ. ಆಮೇಲೆ ಡಬ್ಬಿಯನ್ನು ಎರಡೂ ಕೈಯಲ್ಲಿ, ಮುಚ್ಚಳದ ಕಡೆ ನೋಡದೆ, ಎತ್ತಿ ಹಿಡಿದ.

ಹೆಣ್ಣು ಪಾಚಿಯ ಮೇಲೆ ಕತ್ತೆತ್ತಿ ಕೂತಿತ್ತು. ಚಿಪ್ಪಿನಡಿಯ ತಟ್ಟೆಯಲ್ಲಿ ಒಂದು ಮೊಟ್ಟೆ ಬೆಳ್ಳಗಾಗಿ ಕೆಟ್ಟಿತ್ತು. ಉಳಿದವುಗಳೊಳಗೆ ಕಪ್ಪು ಚುಕ್ಕಿ ಇದ್ದ ಜಾಗದಲ್ಲಿ ಸಣ್ಣದೊಂದು ಬಾಲ ಮೂಡುತ್ತಿತ್ತು. ದೇವರಾಜು ಎಷ್ಟೋ ಹೊತ್ತು ನೋಡಿದ. ಕೆಟ್ಟದ್ದು ಬಿಸಿಗೆ ಕೆಟ್ಟಿತೋ, ತಾನು ಮುಟ್ಟಿದ ಕೈಯಿಂದ ಕೆಟ್ಟಿತೋ ಎಂದು ಆಗಲೇ ಲೆಕ್ಕ ಹಾಕತೊಡಗಿದ್ದ. ಸೋಮಮ್ಮ ಅವನ ಮುಖ ನೋಡಿಯೇ ತಿಳಿದುಕೊಂಡು, "ನಡೀರಿ, ಅದನ್ನ ಮನೇಲ್ ಕುಂತ್ಕಂಡು ಯೋಚ್ನೆ ಮಾಡೋರಂತೆ" ಎಂದಳು.

ಅವರು ಬೀದಿ ದಾಟುವಾಗ ಬೈರಮ್ಮ ಹಿಂದಿನಿಂದ ಕೂಗಿದಳು:

"ಲೇ ದೇವ್ರಾಜ, ಬೇಸ್ಗೆ ಇನ್ನೂ ಅದೆ. ಆ ಟೀಸಿ ನಂಬ್ಕಂಡು ಕುಂತಿರ್ಬ್ಯಾಡ. ಮುಂದ್ಲ ಸಲ ಸುಕ್ರವಾರುಕ್ಕೆ ಕಾಯ್ಬ್ಯಾಡ, ಗುರುವಾರವೇ ತಕಂಡ್ ಬಾ."